ಪೊದೆಯ ಮರಿಯ ರೆಕ್ಕೆ

ಎತ್ತರದ ಆಲದ ಮೇಲೆ ಹುಟ್ಟಿದ ಮರಿಗಳಿಗೆ ಮಾತ್ರ ಮುದಿ ಕೊಕ್ಕರೆ ದೂರ ಹಾರುವ ವಿದ್ಯೆ ಕಲಿಸುತ್ತಿತ್ತು. ಕೆಳಗಿನ ಜಾಲಿಪೊದೆಯಲ್ಲಿ ಹುಟ್ಟಿದ ಮರಿಯೊಂದು ಬಂದು, "ಗುರುಗಳೇ, ನನಗೂ ಕಲಿಸಿ" ಎಂದು ಕೇಳಿತು.

"ಪೊದೆಯವರಿಗೆ ದೂರದ ಊರೇಕೆ? ನೀನು ಕೆರೆಯಂಚಿನಲ್ಲಿ ಕಪ್ಪೆ ಹಿಡಿಯುವುದನ್ನು ಕಲಿತರೆ ಸಾಕು" ಎಂದಿತು ಕೊಕ್ಕರೆ. ಮರಿ ಅದನ್ನೇ ಶ್ರದ್ಧೆಯಿಂದ ಕಲಿಯಿತು.

ಬೇಸಿಗೆಯಲ್ಲಿ ಕೆರೆ ಬತ್ತಿತು, ಕಪ್ಪೆಗಳೂ ಇಲ್ಲವಾದವು. ಹಿಂಡು ದೊಡ್ಡ ಹೊಳೆಯತ್ತ ಹೊರಟಿತು. ಪೊದೆಯ ಮರಿಯೂ ಹಿಂದೆಯೇ ಎದ್ದಿತು. ಆದರೆ ಕೆರೆಯ ಏರಿ ದಾಟುವಷ್ಟರಲ್ಲಿ ದಣಿದು ಕೆಳಗೆ ಬಿದ್ದಿತು.

ಕೊಕ್ಕರೆ ತಿರುಗಿ ಬಂದು ಅದರ ಪಕ್ಕದಲ್ಲಿ ಇಳಿಯಿತು. "ಏಳು ಮಗು, ಈಗ ಕಲಿಸುತ್ತೇನೆ."

"ಈಗ ಮೈಯಲ್ಲಿ ಕಸುವಿಲ್ಲ ಗುರುಗಳೇ. ನೀವು ಹೊರಡಿ, ಅವರು ಕಾಯುತ್ತಿರುತ್ತಾರೆ" ಎಂದಿತು ಮರಿ.

ನೆಲದ ಮೇಲೆ ಹರಡಿಕೊಂಡಿದ್ದ ಅದರ ರೆಕ್ಕೆಗಳನ್ನು ಕೊಕ್ಕರೆ ಮೊದಲ ಬಾರಿಗೆ ಸರಿಯಾಗಿ ನೋಡಿತು. ಅವು ಆಲದ ಮರಿಗಳ ರೆಕ್ಕೆಗಳಷ್ಟೇ ಅಗಲವಾಗಿದ್ದವು.