ಬೆಳ್ಳಿ ಕಣ ಮತ್ತು ಪಾಲಿಮರ್ ಎಳೆ

ಪ್ರಯೋಗಶಾಲೆಯ ಗಾಜಿನ ಲೋಟದಲ್ಲಿ ಆಗಷ್ಟೇ ಹುಟ್ಟಿದ ಬೆಳ್ಳಿ ಕಣಕ್ಕೆ ದಿಕ್ಕೇ ತೋಚಲಿಲ್ಲ. ಕಂಡ ಕಂಡ ಬೆಳ್ಳಿಗೆಲ್ಲ ಅಂಟಿ ಗಂಟಾಗುವುದೇ ಅದರ ಚಾಳಿ.

"ಗಂಟಾಗಬೇಡ ತಮ್ಮಾ, ನಮ್ಮ ಸಾಲಿನ ನಡುವೆ ನಿಲ್ಲು," ಎಂದಿತು ಅದೇ ದ್ರವದಲ್ಲಿ ತನ್ನಂಥ ಎಳೆಗಳ ಜೊತೆ ಸಾಲಾಗಿ ತೇಲುತ್ತಿದ್ದ ಪಾಲಿಮರ್ ಎಳೆ.

"ನೀನೇ ನೀರಿನ ಹಾಗೆ ಹರಿಯುತ್ತೀಯಲ್ಲಣ್ಣ! ನಿನ್ನನ್ನು ನಂಬಿ ನಿಲ್ಲುವುದು ಹೇಗೆ?"

"ಹರಿಯುತ್ತೇವೆ, ನಿಜ. ಆದರೆ ಸಾಲು ಬಿಡುವುದಿಲ್ಲ."

ಅರ್ಥವಾಗದಿದ್ದರೂ ಕಣ ನಿಂತಿತು; ಉಳಿದ ಕಣಗಳೂ ಬಿಡಿಬಿಡಿಯಾಗಿ ನಿಂತವು. ಸಂಶೋಧಕಿ ವಾರಿಜಾ ಎಲ್ಲವನ್ನೂ ಗಾಜಿನ ಬಿಲ್ಲೆಗೆ ಬಳಿದು ಕುಲುಮೆಯಲ್ಲಿಟ್ಟಳು. ಪಾಲಿಮರ್ ಸುಟ್ಟುಹೋಯಿತು, ಬೆಳ್ಳಿ ಸಾಲಾಗಿಯೇ ಉಳಿಯಿತು.

ಸೂಕ್ಷ್ಮದರ್ಶಕದಲ್ಲಿ ಇಣುಕಿದ ಅತಿಥಿಯೊಬ್ಬರು, "ಅಬ್ಬಾ, ಈ ಬೆಳ್ಳಿಗೆ ಎಂಥ ಶಿಸ್ತು!" ಎಂದರು.

ಕಣ ಕಕ್ಕಾಬಿಕ್ಕಿಯಾಯಿತು. "ನನ್ನದಲ್ಲ, ಅಣ್ಣನದು," ಎಂದು ತೋರಿಸಲು ತಿರುಗಿತು. ಪಕ್ಕದಲ್ಲಿ ಅಣ್ಣ ನಿಂತಿದ್ದಷ್ಟೇ ಅಗಲದ ಖಾಲಿ ಜಾಗವಿತ್ತು.