ಭಟ್ಟಿ ಪಾಸ್ಕು ಸಂತನಾದದ್ದು

ಒಂದಾನೊಂದು ಕಾಲದಲ್ಲಿ, ನಮ್ಮ ಇಗರ್ಜಿಯ ಗಂಟೆ ಎರಕ ಹೊಯ್ಯೋಕೂ ಎಷ್ಟೋ ಮುಂಚೆ, ಏಳು ಸಮುದ್ರದ ಆಚೆ ಒಂದು ಊರಿತ್ತಂತೆ. ಸುತ್ತ ಕೋಟೆಗೋಡೆ. ಊರಿಗೆಲ್ಲ ಒಂದೇ ರೊಟ್ಟಿ ಭಟ್ಟಿ. ಅದನ್ನು ನೋಡಿಕೊಳ್ಳುತ್ತಿದ್ದವನು ಪಾಸ್ಕು. ಹೆಂಗಸರು ಹಿಟ್ಟು ನಾದಿ ತರೋದು, ಇವನು ಸುಟ್ಟು ಕೊಡೋದು. ಯಾರದ್ದು ಯಾವುದು ಅಂತ ಗೊತ್ತಾಗಬೇಕಲ್ಲ ಮಗಾ? ಅದಕ್ಕೆ ಒಂದೊಂದು ಮನೆಯವರು ಹಸಿ ಹಿಟ್ಟಿನ ಮೇಲೆ ಒಂದೊಂದು ಗುರುತು ಒತ್ತುತ್ತಿದ್ದರಂತೆ. ಬಡಗಿ ಮನೆಗೆ ಸುತ್ತಿಗೆ, ಬೆಸ್ತರ ಮನೆಗೆ ಮೀನು, ಊರ ಒಡೆಯನ ಮನೆಗೆ ಹುಂಜ. ಸುಟ್ಟ ಕೂಲಿಗೆ ಮನೆಗೊಂದು ಸಣ್ಣ ರೊಟ್ಟಿ ಪಾಸ್ಕುವಿಗೆ. ಅದಕ್ಕೆ ಗುರುತಿಲ್ಲ.

ಗೋಡೆಯ ಹೊರಗೆ ಕುಷ್ಠ ಬಂದವರು ಇದ್ದರಂತೆ. ಊರೊಳಗೆ ಕಾಲಿಡುವಂತಿಲ್ಲ. ಪಾಸ್ಕುವಿನ ಹೆಂಡತಿ ನತಾಲಿ ಕೂಲಿ ರೊಟ್ಟಿ ಅಷ್ಟನ್ನೂ ಅವರಿಗೇ ಕೊಟ್ಟು ಬರುವಳು. ನನಗೇನೇ ಉಳಿಸಿದೆ ಅಂತ ಪಾಸ್ಕು ಕೇಳಿದರೆ, ನಿಮಗೆ ನಾನಿಲ್ವಾ ಅನ್ನುವಳಂತೆ.

ಒಂದು ದಿನ ಅವಳು ತೀರಿಕೊಂಡಳು.

ಮೂರು ದಿನ ಪಾಸ್ಕು ಭಟ್ಟಿ ಹಚ್ಚಲಿಲ್ಲ. ನಾಲ್ಕನೇ ದಿನ, ಹೊರಗಿನವರು ಹಸಿದಿರುತ್ತಾರಲ್ಲ ಅಂತ ನೆನಪಾಯಿತಂತೆ. ಎದ್ದ. ಭಟ್ಟಿ ಹಚ್ಚಿದ. ಬುಟ್ಟಿ ಹೊತ್ತು ತಾನೇ ಹೋದ. ಕೊಟ್ಟ, ಬಂದ. ಮರುದಿನವೂ ಹಾಗೇ.

ಆಮೇಲೆ ಗೋಧಿಗೆ ಕಾಡಿಗೆ ರೋಗ ಬಿತ್ತಂತೆ, ತೆನೆಯೆಲ್ಲ ಕಪ್ಪು. ಊರ ಒಡೆಯ ಡಂಗುರ ಹೊಡೆಸಿದ: ಗುರುತಿನ ರೊಟ್ಟಿ ಗೋಡೆ ದಾಟಬಾರದು, ದಾಟಿಸಿದವನ ಕೈ ಕಡಿಸ್ತೇನೆ. ಮೊದಲು ಜನ ಕೂಲಿ ರೊಟ್ಟಿ ನಿಲ್ಲಿಸಿದರು. ಪಾಸ್ಕು ತನ್ನ ಮನೆ ಹಿಟ್ಟು ಸುಟ್ಟು ಕೊಟ್ಟ. ಆಮೇಲೆ ಆ ಹಿಟ್ಟೂ ಮುಗಿಯಿತು. ನತಾಲಿಯ ಮದುವೆ ಕಂಬಳಿ ಮಾರಿ ಹಿಟ್ಟು ತಂದ. ಆಮೇಲೆ ಅದೂ ಮುಗಿಯಿತು. ನಾಳೆ ಏನೂ ಇಲ್ಲ ಅಂತ ಹೊರಗಿನವರಿಗೆ ಹೇಳಿ ಬಂದನಂತೆ. ಆ ಸುದ್ದಿ ಊರೊಳಗೂ ಹಬ್ಬಿತು.

ಮರುದಿನ ನೋಡಿದರೆ, ಎಲ್ಲರೂ ತಮ್ಮ ತಮ್ಮ ರೊಟ್ಟಿ ಒಯ್ದ ಮೇಲೂ ಭಟ್ಟಿಯಲ್ಲಿ ರೊಟ್ಟಿ ಉಳಿದಿದೆ! ಸುತ್ತಿಗೆ ಗುರುತಿನದು ಹಿಡಿದು ಬಡಗಿಯ ಹೆಂಡತಿಯ ಹಿಂದೆ ಓಡಿದನಂತೆ. ಏ ಜುವಾನಕ್ಕಾ, ಒಂದು ಮರೆತೆಯಲ್ಲಾ!

ಮೆಲ್ಲಗೆ ಮಾರಾಯಾ! ನನ್ನ ಗಂಡನಿಗೆ ಕೇಳಿದರೆ ಸುತ್ತಿಗೆ ನನ್ನ ತಲೆ ಮೇಲೆ ಬೀಳುತ್ತೆ. ಹೊರಗಿನವರಿಗೆ ಅದು. ಯಾರಿಗೂ ಹೇಳಬೇಡ ಅಂದಳಂತೆ.

ಬೆಸ್ತರವಳೂ ಅದನ್ನೇ ಅಂದಳಂತೆ. ಒಬ್ಬೊಬ್ಬಳೂ ತಾನೊಬ್ಬಳೇ ಅಂದುಕೊಂಡಿದ್ದಳು. ಪಾಸ್ಕು ಬುಟ್ಟಿ ತುಂಬಿಕೊಂಡು ಹೊರಟ. ಕೋಟೆ ಬಾಗಿಲಲ್ಲೇ ಕಾವಲಿನವರು ಹಿಡಿದರು.

ಊರೆಲ್ಲ ಸೇರಿತಂತೆ. ಯಾರ ಮನೆಯಿಂದ ಕದ್ದೆಯೋ ಅಂತ ಒಡೆಯ ಗುಡುಗಿದ. ಹೇಳಿದರೆ ಆ ಹೆಂಗಸರ ಗತಿ? ಪಾಸ್ಕು ಎಡಗೈ ಚಾಚಿದನಂತೆ. ಇದನ್ನು ಕಡಿಯಿರಿ ಒಡೆಯಾ, ಬಲಗೈ ಭಟ್ಟಿಗೆ ಬೇಕು ಅಂದ.

ಒಡೆಯ ಸಿಟ್ಟಿನಲ್ಲಿ ಬುಟ್ಟಿ ಕವುಚಿದ. ಸುತ್ತಿಗೆ ಬಿತ್ತು, ಮೀನು ಬಿತ್ತು, ಆಮೇಲೆ ಹುಂಜವೂ ಬಿತ್ತು. ನನ್ನ ಮನೆಗೇ ಕನ್ನ ಹಾಕಿದೆಯಾ!

ಆಗ ಗುಂಪಿನಿಂದ ಒಡೆಯನ ಮುದಿ ತಾಯಿ ಕೋಲು ಊರಿಕೊಂಡು ಬಂದಳಂತೆ. ಕಿರಿಚಬೇಡ್ವೋ, ಹುಂಜ ಒತ್ತಿ ಭಟ್ಟಿಯಲ್ಲಿ ಬಿಟ್ಟು ಬಂದಿದ್ದು ನಾನೇ. ನಿನಗೆ ತುತ್ತು ತಿನ್ನಿಸಿದ ಕೈ ಇದು, ಧೈರ್ಯ ಇದ್ದರೆ ಕಡಿ.

ಸುತ್ತಿಗೆ ನನ್ನದು ಅಂತ ಜುವಾನಾ ಮುಂದೆ ಬಂದಳು. ಮೀನು ನನ್ನದು ಅಂದಳು ಬೆಸ್ತರವಳು. ಅಯ್ಯೋ ನೀನೂನಾ, ನೀನೂನಾ ಅಂತ ಹೆಂಗಸರೆಲ್ಲ ನಗೋಕೆ ಶುರು. ಗಂಡಸರು ನೆಲ ನೋಡಿದರಂತೆ. ಒಡೆಯ ತಾನೇ ಬಗ್ಗಿ ಒಂದೊಂದೇ ರೊಟ್ಟಿ ಆರಿಸಿ ಬುಟ್ಟಿಗೆ ಹಾಕಿದನಂತೆ.

ಅವತ್ತಿನಿಂದ ಮನೆಗೊಂದು ರೊಟ್ಟಿ ಹೊರಗಿನವರಿಗೆ ಅಂತ ಕಟ್ಟಳೆಯಾಯಿತು. ಪಾಸ್ಕುವನ್ನು ಜನ ಸಂತ ಅಂದರು. ಅವನು ಬುಟ್ಟಿಯ ಒಂದು ಹಿಡಿ ಎತ್ತಿದ. ಬುಟ್ಟಿಯ ಇನ್ನೊಂದು ಹಿಡಿ ಆ ಮುದುಕಿ ಹಿಡಿದಳಂತೆ. ನಡಿಯೋ ಪಾಸ್ಕು, ರೊಟ್ಟಿ ಆರಿಹೋಗುತ್ತೆ ಅಂದಳು. ಇಬ್ಬರೂ ಬಾಗಿಲು ದಾಟಿದರು, ಅಲ್ಲಿಗೆ ಅವರ ದಾರಿ ಸುಗಮವಾಯಿತು, ನಮ್ಮ ಕತೆಯೂ ಮುಗೀತು. ಕಣ್ಣು ಮುಚ್ಚು ಮಗಾ.