ಸಣ್ಣ ದೋಣಿಯ ಅಳತೆ

ಒಪ್ಪಂದ ಇಷ್ಟೇ: ರಾಚಪ್ಪ ಸಾಹುಕಾರರ ಹೊಸ ಸರ್ವರ್ ಯುಗಾದಿಯವರೆಗೆ ಆಶ್ರಮದಲ್ಲಿರುತ್ತದೆ. ಆಮೇಲೆ ಅವರ ಗೋದಾಮಿಗೆ ವಾಪಸ್. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ, ಉಳಿದದ್ದನ್ನು ಆಶ್ರಮದ ಹಳೆಯ ಸರ್ವರ್ ಮಾಡಿಕೊಳ್ಳಬೇಕು.

ಗುರುಗಳ ಗುರು ಹೇಳಿದ ಕಡೆಯ ಪಾಠ ಬೂಷ್ಟು ಹಿಡಿದ ಒಂದು ಟೇಪಿನಲ್ಲಿತ್ತು. ಹಾಕಿದರೆ ಬರೀ ಕರಕರ. ಅದರೊಳಗಿಂದ ಧ್ವನಿ ಬಿಡಿಸಲು ಯಂತ್ರಕ್ಕೆ ತಿಂಗಳುಗಳೇ ಬೇಕು. ನಡುವೆ ನಿಂತರೆ ಮತ್ತೆ ಮೊದಲಿನಿಂದ.

ಗುರುಗಳ ಕಿವಿ ಮಂದವಾಗುತ್ತಿತ್ತು. ಕೇಳಿಸುವುದು ಈ ಬೇಸಿಗೆ ದಾಟಿದರೆ ಹೆಚ್ಚು ಎಂದಿದ್ದರು ಪೇಟೆಯ ವೈದ್ಯರು.

ಶಿಷ್ಯ ಅಡಿವೆಪ್ಪ ಹೊಸ ಸರ್ವರ್‌ನೊಳಗೆ ಒಂದು ವರ್ಚುವಲ್ ಮಷೀನ್ ಕಟ್ಟಲು ಕೂತ. ಯಂತ್ರದೊಳಗಿನ ಯಂತ್ರ ಅದು. ಓಡುತ್ತಿರುವಾಗಲೇ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ದಾಟಿಸಬಹುದು.

ಗುರುಗಳು ಸನ್ಯಾಸಕ್ಕೆ ಮುಂಚೆ ಅದೇ ಕೆಲಸ ಮಾಡಿದವರು.

“ಹೊಸ ಪ್ರೊಸೆಸರ್‌ನಲ್ಲಿ ಹಳೆಯದರಲ್ಲಿಲ್ಲದ ಸೌಲಭ್ಯಗಳಿವೆ. ಅವನ್ನು ಮುಚ್ಚಿಡು. ಎರಡರಲ್ಲೂ ಇರುವಷ್ಟನ್ನೇ ಒಳಗಿನ ಯಂತ್ರಕ್ಕೆ ತೋರಿಸು.”

“ಇರೋದನ್ನ ಯಾಕೆ ಮುಚ್ಚಿಡಬೇಕು ಗುರುಗಳೇ?”

ಗುರುಗಳು ಅವನನ್ನು ಹೊಳೆಯ ದಂಡೆಗೆ ಕರೆದೊಯ್ದರು. ದೊಡ್ಡ ದೋಣಿಗೆ ಮೆಣಸಿನಕಾಯಿ ಹೇರುತ್ತಿದ್ದರು. ನಡುವೆ ಮರಳ ದಿಬ್ಬ. ಅದರಾಚೆ ನೀರು ಕಮ್ಮಿ, ಸಣ್ಣ ದೋಣಿಯೇ ಗತಿ. ಮೂಟೆಗಳನ್ನೆಲ್ಲ ಚಿಕ್ಕದಾಗಿಯೇ ಕಟ್ಟಿದ್ದರು.

ಅಡಿವೆಪ್ಪ ನಕ್ಕ. “ಅದು ಮೆಣಸಿನಕಾಯಿ. ಇದು ಗಣಕ.”

“ಹೌದಪ್ಪ. ಮೆಣಸಿನಕಾಯಿಯನ್ನು ದಿಬ್ಬದ ಮೇಲೆ ಬಿಚ್ಚಿ ಕಟ್ಟಬಹುದು.”

ಆದರೂ ಅಡಿವೆಪ್ಪ ಕೆಲಸ ಬೇಗ ಸಾಗಲೆಂದು ಎಲ್ಲ ಸೌಲಭ್ಯಗಳನ್ನೂ ತೆರೆದಿಟ್ಟ. ಗುರುಗಳಿಗೆ ಕೇಳಿಸುವಾಗಲೇ ಮುಗಿಯಲಿ ಎಂಬ ಅವಸರ. ಹಬ್ಬಕ್ಕೆ ವಾರ ಮುಂಚೆಯೇ ಮುಗಿಯುತ್ತದೆ ಎಂಬ ಲೆಕ್ಕ.

ಆದರೆ ಟೇಪಿನ ಕೊನೆಯ ಭಾಗ ಮೊದಲ ಭಾಗಕ್ಕಿಂತ ಕೆಟ್ಟಿತ್ತು. ಸಾಹುಕಾರರ ಗಾಡಿ ಬಂದು ಬಾಗಿಲಲ್ಲಿ ನಿಂತಾಗ ಕಾಲುಭಾಗ ಬಾಕಿ.

ಅಡಿವೆಪ್ಪ ದಾಟಿಸಲು ಆಜ್ಞೆ ಕೊಟ್ಟ. ಹಳೆಯ ಸರ್ವರ್ ಒಲ್ಲೆ ಎಂದಿತು. ಒಳಗಿನ ಯಂತ್ರ ಬಳಸುವ ಸೌಲಭ್ಯಗಳು ತನ್ನಲ್ಲಿಲ್ಲ ಎಂದಿತು.

“ಈಗಲೇ ಮುಚ್ಚಿಬಿಡ್ತೀನಿ!”

“ಓಡುತ್ತಿರುವಾಗ ಅದು ಕಂಡದ್ದನ್ನು ಮರೆಯೋದಿಲ್ಲ. ನಿಲ್ಲಿಸಿಯೇ ಎಬ್ಬಿಸಬೇಕು.”

“ಹಾಗಾದರೆ ಸಾಹುಕಾರರನ್ನ ಇನ್ನೊಂದು ತಿಂಗಳು ಬೇಡಿಕೊಳ್ತೀನಿ.”

“ಅವರು ಆಡಿದಂತೆ ಕೊಟ್ಟರು. ನಾವು ಆಡಿದಂತೆ ಬಿಟ್ಟುಕೊಡೋಣ.”

ಸ್ವಿಚ್ಚನ್ನು ಗುರುಗಳೇ ಆರಿಸಿದರು.

ಹಳೆಯ ಸರ್ವರ್ ಮೊದಲಿನಿಂದ ಶುರುಮಾಡಿತು. ಮಳೆಗಾಲವೆಲ್ಲ ಓಡಿತು. ದೀಪಾವಳಿ ಕಳೆಯಿತು, ಸಂಕ್ರಾಂತಿಯೂ ಕಳೆಯಿತು. ಆಮೇಲೊಂದು ಬೆಳಿಗ್ಗೆ ಕೆಲಸ ಮುಗಿಯಿತು. ಎದುರಿಗೆ ಕೂತು ಹೇಳಿದಷ್ಟು ಸ್ಪಷ್ಟವಾದ ಧ್ವನಿ.

ಅಡಿವೆಪ್ಪ ಸ್ಪೀಕರನ್ನು ಗುರುಗಳ ಮುಂದಿಟ್ಟು ಸದ್ದು ಪೂರ್ತಿ ಏರಿಸಿದ. ಮಾಡಿನ ಪಾರಿವಾಳಗಳು ಎದ್ದು ಹಾರಿದವು.

ಗುರುಗಳು ಅವನ ಮುಖವನ್ನೇ ನೋಡಿದರು. “ಶುರುವಾಯ್ತೇನಪ್ಪ?”

ಅವನು ಹೌದೆಂದು ತಲೆ ಆಡಿಸಿದ.

ಗುರುಗಳು ಸ್ಪೀಕರ್ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಪಾಠ ಮುಗಿಯುವವರೆಗೂ ಕೈ ತೆಗೆಯಲಿಲ್ಲ.

ಅಡಿವೆಪ್ಪನ ಕಣ್ಣು ತುಂಬಿತ್ತು. ಪಾಟಿಯ ಮೇಲೆ ಬರೆದು ತೋರಿಸಿದ: ‘ನನ್ನ ಅವಸರದಿಂದ ಏನು ದಕ್ಕಿತು ಗುರುಗಳೇ?’

ಗುರುಗಳು ಓದಿ ಪಾಟಿಯನ್ನು ಮೆಲ್ಲಗೆ ಕೆಳಗಿಟ್ಟರು.

“ನಿನಗೆ ಇಡೀ ಪಾಠ. ನನಗೆ ಅಂಗೈಯಗಲ ಕಂಪನ.”